ಹಳೆಯ ಲಾಟೀನು ಹೇಳುವ ಮಾತು



ಚಿತ್ರಕಲೆಯ ತರಗತಿಯಲ್ಲಿ ಮೇಜಿನ ಮೇಲೆ ಹೂಜಿ, ಲೋಟ, ಬಾಳೆಹಣ್ಣು ಇಟ್ಟು ‘ನೋಡಿ ಬರೆಯಿರಿ’ ಎಂದಾಗ, ಇದರಲ್ಲೇನಿದೆ ಎಂದು ನಿಮಗೆ ಅನ್ನಿಸಿರಬಹುದು. ಇದೇ ವಸ್ತುಚಿತ್ರ. ಇದು ಏನನ್ನು ಹೇಳಬಲ್ಲದು ಎಂಬುದಕ್ಕೆ ಅಮೆರಿಕದ ಇಬ್ಬರು ಕಲಾವಿದರು ಒಳ್ಳೆಯ ನಿದರ್ಶನ. ಅವರ ಬಳಿಗೆ ಹೋಗುವ ಮೊದಲು ನಮ್ಮ ಎಡಕುಮೇರಿಯನ್ನು ನೆನೆಯೋಣ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಕಾಡಿನ ನಡುವಿನ ರೈಲು ನಿಲ್ದಾಣವದು. 1979ರಲ್ಲಿ ಆರಂಭವಾದ ಮೀಟರ್‌ಗೇಜ್ ಮಾರ್ಗ ಈಗ ಬ್ರಾಡ್‌ಗೇಜ್ ಆಗಿದೆ. ಅಲ್ಲಿನ ಗೋಡೆಯ ಮೊಳೆಯೊಂದಕ್ಕೆ ಸೀಮೆಎಣ್ಣೆಯ ಹಳೆಯ ಲಾಟೀನು ತೂಗುತ್ತಿದೆ ಎಂದು ಊಹಿಸಿಕೊಳ್ಳಿ. ಅದನ್ನು ಹೇಗೆ ಬರೆಯುತ್ತೀರಿ?

ವಿಲಿಯಂ ಹಾರ್ನೆಟ್ (1848–1892) ಆಗಿದ್ದರೆ ತುಕ್ಕಿನ ಒಂದೊಂದು ಚುಕ್ಕೆಯನ್ನೂ ಮೂಡಿಸುತ್ತಿದ್ದರು. 1886ರಲ್ಲಿ ಅವರು ಬರೆದ ‘ದಿ ಓಲ್ಡ್ ವಯೊಲಿನ್’ ಚಿತ್ರದಲ್ಲಿ ಹಸಿರು ಬಾಗಿಲಿಗೆ ಪಿಟೀಲೊಂದು ನೇತಾಡುತ್ತದೆ. ಸಿನ್ಸಿನಾಟಿಯ ಪ್ರದರ್ಶನದಲ್ಲಿ ಜನ ಅದನ್ನು ಮುಟ್ಟಲು ಕೈಚಾಚಿದ್ದರಿಂದ ಪೊಲೀಸ್ ಕಾವಲು ಹಾಕಬೇಕಾಯಿತು! ಇದರ ಹಿಂದೆ ವಿಜ್ಞಾನವಿದೆ. ಎರಡು ಕಣ್ಣುಗಳು ಕಾಣುವ ನೋಟಗಳ ವ್ಯತ್ಯಾಸದಿಂದ ಮಿದುಳು ಆಳವನ್ನು ಅಳೆಯುತ್ತದೆ. ಬಾಗಿಲಿಗೆ ಒರಗಿದ ವಸ್ತುವಿಗೆ ಆಳವೇ ಕಡಿಮೆ. ಹಾಗಾಗಿ ಸರಿಯಾಗಿ ಬಿದ್ದ ನೆರಳೇ ಕಣ್ಣನ್ನು ನಂಬಿಸಿಬಿಡುತ್ತದೆ. ಇದು ವಾಸ್ತವತೆ.

ಜಾನ್ ಪೀಟೊ (1854–1907) ಕೂಡ ಇಂಥವೇ ವಸ್ತುಗಳನ್ನು ಆರಿಸಿಕೊಂಡರು. ಆದರೆ ಅವರ ಪುಸ್ತಕಗಳು ಹರಿದಿರುತ್ತವೆ, ಕಾಗದಗಳು ಮಾಸಿರುತ್ತವೆ. 1906ರ ‘ಲೈಟ್ಸ್ ಆಫ್ ಅದರ್ ಡೇಸ್’ ಚಿತ್ರದ ವಸ್ತು ಹಳೆಯ ದೀಪಗಳು. ವಿದ್ಯುದ್ದೀಪ ಬಂದ ಮೇಲೆ ಮೂಲೆ ಸೇರಿದ ಆ ದೀಪಗಳು ಸರಿದುಹೋದ ಕಾಲವನ್ನೇ ಸೂಚಿಸುತ್ತವೆ. ಇದು ಸಾಂಕೇತಿಕತೆ.

ಪೀಟೊ ಹೆಸರಿಲ್ಲದೆ ತೀರಿಕೊಂಡರು. ಅವರ ಅನೇಕ ಚಿತ್ರಗಳ ಮೇಲೆ ಹಾರ್ನೆಟ್‌ರ ಸುಳ್ಳು ಸಹಿ ಬಿತ್ತು. 1940ರ ದಶಕದಲ್ಲಿ ವಿಮರ್ಶಕ ಆಲ್ಫ್ರೆಡ್ ಫ್ರಾಂಕೆನ್‌ಸ್ಟೈನ್ ಇದನ್ನು ಬಯಲಿಗೆಳೆದರು. ‘ಹಾರ್ನೆಟ್’ ಚಿತ್ರವೊಂದರಲ್ಲಿ ಬರೆದಿದ್ದ ಕಾಗದದ ಅಂಚೆ ಮೊಹರಿನಲ್ಲಿ 1894 ಎಂದಿತ್ತು. ಹಾರ್ನೆಟ್ ತೀರಿಕೊಂಡಿದ್ದು 1892ರಲ್ಲಿ! ಪೀಟೊ ನಿಷ್ಠೆಯಿಂದ ಬರೆದ ಒಂದು ಮೊಹರು ಅವರ ಹೆಸರನ್ನು ಅವರಿಗೆ ಮರಳಿಸಲು ನೆರವಾಯಿತು.

ಆದ್ದರಿಂದ ವಾಸ್ತವತೆ, ಸಾಂಕೇತಿಕತೆ ಒಂದಕ್ಕೊಂದು ವಿರೋಧವಲ್ಲ. ಇದ್ದುದನ್ನು ಇದ್ದಂತೆ ಕಂಡವನಿಗೆ ಮಾತ್ರ ಅದರ ಅರ್ಥವೂ ಕಾಣುತ್ತದೆ. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಹಳೆಯ ಲಾಟೀನು ಇರಬಹುದು. ಕೆಳಗಿಳಿಸಿ, ಧೂಳು ಒರೆಸದೆ ಹಾಗೆಯೇ ಎದುರಿಗಿಟ್ಟು ಬರೆದು ನೋಡಿ.