ಉಕ್ಕುವ ದ್ರಾಕ್ಷಿರಸಕ್ಕೆ ಒಂದು ಹನಿ ಸಿಲಿಕೋನ್

ಚೆನ್ನಾಗಿ ಹಣ್ಣಾದ ದ್ರಾಕ್ಷಿಯ ರಸದಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಸಕ್ಕರೆ ಇರುತ್ತದೆ. ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡಿ ಮುಗಿಸುವ ಹೊತ್ತಿಗೆ ಒಂದು ಲೀಟರ್ ರಸದಿಂದ ಹೆಚ್ಚುಕಡಿಮೆ 50 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಹುದುಗು ಬಿರುಸಾಗಿರುವ ಮೊದಲ ದಿನಗಳಲ್ಲಿ ಈ ಅನಿಲ ನೊರೆಯೆಬ್ಬಿಸಿ, ರಸವನ್ನೂ ಜೊತೆಗೆಳೆದುಕೊಂಡು ತೊಟ್ಟಿಯ ಬಾಯಿಂದ ಹೊರಚೆಲ್ಲುತ್ತದೆ. ಅದಕ್ಕೇ ತೊಟ್ಟಿಯಲ್ಲಿ ಐದನೇ ಒಂದು ಪಾಲಿನಷ್ಟು ಜಾಗ ಖಾಲಿ ಬಿಡುತ್ತಾರೆ. ಸುಗ್ಗಿಯಲ್ಲಿ, ತೊಟ್ಟಿಗಳೇ ಸಾಲದಿರುವಾಗ, ಅದೇನು ಸಣ್ಣ ನಷ್ಟವಲ್ಲ.

ಸೋಡಾದ ಗುಳ್ಳೆ ಎದ್ದ ಕ್ಷಣವೇ ಒಡೆಯುತ್ತದೆ. ವೈನ್ ತೊಟ್ಟಿಯ ನೊರೆ ಒಡೆಯದು. ದ್ರಾಕ್ಷಿಯ ಪ್ರೋಟೀನುಗಳೂ ಯೀಸ್ಟಿನ ಕೋಶಭಿತ್ತಿಯ ಮ್ಯಾನೊಪ್ರೋಟೀನುಗಳೂ ಗುಳ್ಳೆಯ ತೆಳು ಪೊರೆಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತವೆ. ಪೊರೆಯೊಳಗಿನ ನೀರು ಬೇಗ ಜಾರಿ ಇಳಿಯದು.

ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಉಕ್ಕಿ ಬಂದಾಗ ತುಸು ಹರಳೆಣ್ಣೆ ಚಿಮುಕಿಸುತ್ತಾರೆ, ಉಕ್ಕು ಇಳಿಯುತ್ತದೆ. ವೈನ್ ತಯಾರಕರು ಮಾಡುವುದೂ ಇದನ್ನೇ, ಎಣ್ಣೆ ಮಾತ್ರ ಬೇರೆ. ಹೆಚ್ಚು ಬಳಕೆಯಲ್ಲಿರುವುದು ಪಾಲಿಡೈಮೀಥೈಲ್‌ಸಿಲಾಕ್ಸೇನ್ ಎಂಬ ಸಿಲಿಕೋನ್ ಎಣ್ಣೆ. ನೀರಿನ ಮೇಲ್ಮೈ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್. ಈ ಎಣ್ಣೆಯದು ಬರೀ 21ರ ಆಸುಪಾಸು. ಆದ್ದರಿಂದ ಅದರ ಹನಿ ಪೊರೆಯ ಮೇಲೆ ಬಿದ್ದೊಡನೆ ಹರಡಿಕೊಳ್ಳುತ್ತದೆ, ಹರಡುತ್ತಾ ಕೆಳಗಿನ ದ್ರವವನ್ನೂ ಸೆಳೆದೊಯ್ಯುತ್ತದೆ. ಅಲ್ಲಿ ಪೊರೆ ತೆಳುವಾಗಿ ಹರಿದುಹೋಗುತ್ತದೆ. ಎಣ್ಣೆಯಲ್ಲಿ ನೀರಿಗೆ ಒಗ್ಗದ ಸಿಲಿಕಾದ ನುಣ್ಣನೆ ಕಣಗಳನ್ನು ಬೆರೆಸಿದರೆ ಕೆಲಸ ಇನ್ನೂ ಚುರುಕು: ಕಣದ ಚೂಪು ಅಂಚು ಪೊರೆಯನ್ನು ಚುಚ್ಚಿ ಎಣ್ಣೆಗೆ ದಾರಿ ಮಾಡಿಕೊಡುತ್ತದೆ. ಹೊಟ್ಟೆಯುಬ್ಬರಕ್ಕೆ ಔಷಧದಂಗಡಿಯಲ್ಲಿ ಸಿಗುವ ಸಿಮೆಥಿಕೋನ್ ಕೂಡ ಈ ಎಣ್ಣೆ ಮತ್ತು ಸಿಲಿಕಾದ ಮಿಶ್ರಣವೇ.

ಇಷ್ಟಕ್ಕೆ ಬೇಕಾಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಅಮೆರಿಕದ ನಿಯಮ ಈ ಎಣ್ಣೆಯನ್ನು ವೈನಿಗೆ ಬಳಸಲು ಬಿಡುತ್ತದೆ, ಆದರೆ ಸಿಲಿಕಾವನ್ನು ಸೋಸಿ ಪೂರ್ತಿ ತೆಗೆಯಬೇಕೆನ್ನುತ್ತದೆ. ಎಣ್ಣೆಯ ಬಹುಪಾಲು ಯೀಸ್ಟ್ ಮತ್ತು ಸಿಪ್ಪೆಗೆ ಅಂಟಿ ಗಸಿಯ ಜೊತೆ ತಳ ಸೇರುತ್ತದೆ. ಹಾಗಿದ್ದರೂ ಶಾಂಪೇನಿನಂಥ ಬುರುಗು ವೈನಿಗೆ ಇದು ಹೇಳಿಸಿದ್ದಲ್ಲ. ಅಲ್ಲಿ ಲೋಟದ ಅಂಚಿನಲ್ಲಿ ನಿಲ್ಲುವ ನೊರೆಗೇ ಬೆಲೆ. ಅದನ್ನು ನಿಲ್ಲಿಸುವುದು ಇದೇ ಮ್ಯಾನೊಪ್ರೋಟೀನುಗಳು.

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹಾದಿ ಹಿಡಿದವರು ಜಪಾನಿನ ಅಕ್ಕಿಮದ್ಯವಾದ ಸಾಕೆಯ ತಯಾರಕರು. ಅವರ ಹಳೆಯ ಯೀಸ್ಟ್ ತಳಿಗಳು ಎಬ್ಬಿಸುವ ನೊರೆಯನ್ನು ರಾತ್ರಿಯಿಡೀ ಆಳು ಕೂತು ಕಾಯಬೇಕಾಗುತ್ತಿತ್ತು. ಅವೇ ತಳಿಗಳಿಂದ ನೊರೆಯೆಬ್ಬಿಸದ ರೂಪಾಂತರಗಳನ್ನು ಆರಿಸಿ ಬೆಳೆಸಿದರು; 7 ಎಂಬ ಸಂಖ್ಯೆಯ ತಳಿಯಿಂದ ಬಂದ 701 ಅಂಥದ್ದೊಂದು. 2002ರಲ್ಲಿ ಅಲ್ಲಿನ ಸಂಶೋಧಕರು ನೊರೆಗೆ ಕಾರಣವಾದ ಎಡಬ್ಲ್ಯುಎ1 ಜೀನನ್ನೂ ಗುರುತಿಸಿದರು. ಅದು ತಯಾರಿಸುವ ಪ್ರೋಟೀನು ಯೀಸ್ಟ್ ಕೋಶದ ಮೈಯನ್ನು ನೀರಿಗೆ ಒಗ್ಗದಂತೆ ಮಾಡುತ್ತದೆ; ಕೋಶಗಳು ಗುಳ್ಳೆಗೆ ಕಚ್ಚಿಕೊಂಡು ಮೇಲೇರಿ ನೊರೆಯನ್ನು ಹಿಡಿದು ನಿಲ್ಲಿಸುತ್ತವೆ. ಆ ಜೀನು ಕೆಲಸ ಮಾಡದ ಯೀಸ್ಟ್ ರಸದೊಳಗೇ ಉಳಿಯುತ್ತದೆ, ತೊಟ್ಟಿಯನ್ನು ಇನ್ನಷ್ಟು ತುಂಬಬಹುದು, ಎಣ್ಣೆಯ ಮಾತೇ ಬರುವುದಿಲ್ಲ.