ಕಬ್ಬಿಣದ ಪಿತ್ರಾರ್ಜಿತ

ಆಯಾಸವೆಂದರೆ ರಕ್ತ ಕಡಿಮೆ, ರಕ್ತ ಕಡಿಮೆಯೆಂದರೆ ಕಬ್ಬಿಣದ ಟಾನಿಕ್ಕು: ನಮ್ಮ ಮನೆಗಳಲ್ಲಿ ಹಿರಿಯರ ವೈದ್ಯ ಬಹುಮಟ್ಟಿಗೆ ಇಷ್ಟೇ. ಕಬ್ಬಿಣ ಹೆಚ್ಚಾಗಿಯೂ ಮನುಷ್ಯ ಸೊರಗಬಲ್ಲನೆಂದರೆ ನಂಬುವವರು ಯಾರು? ಆದರೆ ಐರ್ಲೆಂಡಿನಲ್ಲಿ ಇದು ಅಪೂರ್ವದ ಮಾತಲ್ಲ. ಹೀಮೋಕ್ರೊಮಟೋಸಿಸ್ ಎಂಬ ಈ ರೋಗದ ಬೀಜವನ್ನು ಅಲ್ಲಿ ಸುಮಾರು 83 ಜನರಲ್ಲಿ ಒಬ್ಬರು ತಂದೆತಾಯಿ ಇಬ್ಬರಿಂದಲೂ ಪಡೆದಿರುತ್ತಾರೆ. ಹಾಗೆ ಪಡೆದವರೆಲ್ಲ ಹಾಸಿಗೆ ಹಿಡಿಯುವರೆಂದಲ್ಲ. ಗಂಡಸರಿಗೆ ಉಪದ್ರವ ಹೆಚ್ಚು. ನಮ್ಮ ದೇಶದಲ್ಲಿ ಈ ಬೀಜ ಬಹಳ ವಿರಳ. ಇಲ್ಲಿ ಕಬ್ಬಿಣದ ಹೊರೆ ಹೆಚ್ಚಾಗಿ ಕಾಣುವುದು ಪದೇ ಪದೇ ರಕ್ತ ಪಡೆಯುವ ಥಲಸೀಮಿಯಾ ಮಕ್ಕಳಲ್ಲಿ. ಅದು ಬೇರೆಯೇ ಕಥೆ.

ಐರಿಷರ ಈ ಆಸ್ತಿ ಬಹು ಪ್ರಾಚೀನವಾದುದು. 2006ರಲ್ಲಿ ರಾತ್ಲಿನ್ ದ್ವೀಪದ ಒಂದು ಪಾನಗೃಹದ ಹಿಂದೆ ನೆಲ ಅಗೆಯುವಾಗ ಸುಮಾರು 4000 ವರ್ಷಗಳ ಹಿಂದಿನ ಅಸ್ಥಿಗಳು ದೊರೆತವು. ಅವುಗಳಲ್ಲಿ ಒಬ್ಬ ಪುರುಷನಿಗೆ ಇದೇ ದೋಷವಿದ್ದುದನ್ನು ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಬೇರೆ ಆಸ್ತಿಗಾದರೆ ಪತ್ರ ಬೇಕು, ವ್ಯಾಜ್ಯ ಬೇಕು. ಇದು ತಾನಾಗಿ ಬರುತ್ತದೆ.

ದೇಹದಲ್ಲಿ ಇರಬೇಕಾದ ಕಬ್ಬಿಣ ಒಟ್ಟು 3-4 ಗ್ರಾಂ ಮಾತ್ರ. ಊಟದಿಂದ ದಿನಕ್ಕೆ ಒಂದೆರಡು ಮಿಲಿಗ್ರಾಂ ಒಳಬರುತ್ತದೆ, ಅಷ್ಟೇ ಸವೆದುಹೋಗುತ್ತದೆ. ಬರುವುದಕ್ಕೆ ಬಾಗಿಲುಂಟು, ಹೆಚ್ಚಾದುದನ್ನು ಹೊರದೂಡಲು ಬಾಗಿಲಿಲ್ಲ! ಆದುದರಿಂದ ‘ಇನ್ನು ಸಾಕು’ ಎಂದು ಕರುಳಿಗೆ ಹೇಳಿಕಳಿಸುವ ಹೆಪ್ಸಿಡಿನ್ ಎಂಬ ದ್ರವ್ಯವನ್ನು ಯಕೃತ್ತು ತಯಾರಿಸುತ್ತದೆ. ಈ ರೋಗಿಗಳಲ್ಲಿ ಆ ಕಾವಲುಗಾರನ ಕೂಗು ಕ್ಷೀಣ. ದಿನಕ್ಕೆ ಎರಡೇ ಮಿಲಿಗ್ರಾಂ ಹೆಚ್ಚು ಉಳಿದರೂ ಮೂವತ್ತು ವರ್ಷಗಳಲ್ಲಿ 20 ಗ್ರಾಂ ಮೀರಿತು. ಅದು ಯಕೃತ್ತು, ಮೇದೋಜೀರಕ, ಗುಂಡಿಗೆ, ಕೀಲುಗಳಲ್ಲಿ ಸದ್ದಿಲ್ಲದೆ ಕೂರುತ್ತದೆ.

ನಲವತ್ತು ಐವತ್ತು ದಾಟಿದ ಮೇಲೆ ಸುಸ್ತು, ತೋರುಬೆರಳು ನಡುಬೆರಳುಗಳ ಬುಡದ ಗೆಣ್ಣುಗಳಲ್ಲಿ ನೋವು, ಸಿಹಿಮೂತ್ರ, ಚರ್ಮಕ್ಕೆ ಕಂಚಿನ ಛಾಯೆ. ಮುಟ್ಟಿನಲ್ಲಿ ಕಬ್ಬಿಣ ಕಳೆಯುತ್ತಿದ್ದ ಹೆಂಗಸರಿಗೆ ಇನ್ನೂ ತಡ. ಕೀಲಿಗೆ ಒಬ್ಬ ವೈದ್ಯರು, ಸಕ್ಕರೆಗೆ ಇನ್ನೊಬ್ಬರು. ‘ವಯಸ್ಸಾಯಿತಲ್ಲ’ ಎಂಬುದರಲ್ಲಿ ಮಾತ್ರ ಎಲ್ಲರದೂ ಏಕಾಭಿಪ್ರಾಯ. ಫೆರಿಟಿನ್, ಟ್ರಾನ್ಸ್‌ಫೆರಿನ್ ಪೂರಣ ಎಂಬ ಎರಡು ರಕ್ತಪರೀಕ್ಷೆಗಳಿಂದ ಸಂಶಯ ಬಲಿಯುತ್ತದೆ. 1996ರಲ್ಲಿ ಜೀನೇ ಪತ್ತೆಯಾದ ಮೇಲೆ ನಿರ್ಣಯ ಸುಲಭವಾಯಿತು.

ಚಿಕಿತ್ಸೆಯೋ, ಕ್ಷೌರಿಕರೇ ವೈದ್ಯರಾಗಿದ್ದ ಕಾಲದ್ದೆನ್ನಿಸುವಂಥದು: ರಕ್ತ ತೆಗೆಯುವುದು! ಅರ್ಧ ಲೀಟರಿನೊಂದಿಗೆ 200-250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಹೊಸ ರಕ್ತ ಮಾಡಲು ದೇಹ ಉಗ್ರಾಣಕ್ಕೆ ಕೈಹಾಕುತ್ತದೆ. ವಾರಕ್ಕೊಮ್ಮೆ, ಕೆಲವರಿಗೆ ವರ್ಷಕ್ಕೂ ಮಿಕ್ಕಿ, ಫೆರಿಟಿನ್ 50ರ ಆಸುಪಾಸಿಗೆ ಇಳಿಯುವವರೆಗೆ. ಆಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ, ಆಯುಷ್ಯವಿರುವಷ್ಟು ಕಾಲ. ಕಬ್ಬಿಣದ ಮತ್ತು ಸಿ ಜೀವಸತ್ವದ ಮಾತ್ರೆಗಳು ಬೇಡ, ಮದ್ಯ ಬೇಡ, ಹಸಿ ಚಿಪ್ಪುಮೀನು ಸರ್ವಥಾ ಬೇಡ. ಊಟದೊಡನೆ ಚಹ ಕುಡಿಯಬಾರದೆಂದು ಉಳಿದವರಿಗೆ ಹೇಳುತ್ತಾರೆ. ಇವರಿಗೆ ಅದೇ ಹಿತ.

ಆಯಾಸ ಎಷ್ಟೋ ಮಂದಿಗೆ ತಗ್ಗುತ್ತದೆ. ಕೀಲುನೋವು ಹಟಮಾರಿ, ಅನೇಕರಲ್ಲಿ ಉಳಿದೇಬಿಡುತ್ತದೆ. ಯಕೃತ್ತು ಗಡುಸಾಗಿ ಗಂಟುಕಟ್ಟಿದ ಮೇಲೆ ರಕ್ತ ತೆಗೆದರೂ ಅರ್ಬುದದ ಭಯ ತಪ್ಪದು. ಅದಕ್ಕೆ ಮೊದಲೇ ತಿಳಿದರೆ ಇತರರಷ್ಟೇ ಬಾಳಬಹುದು. ಆದುದರಿಂದ ರೋಗ ತಿಳಿದವನ ಮೊದಲ ಕೆಲಸ ಒಡಹುಟ್ಟಿದವರಿಗೆ ಕಾಗದ ಬರೆಯುವುದು. ಅವರಲ್ಲಿ ಪ್ರತಿಯೊಬ್ಬರಿಗೂ ಕಡಮೆಯೆಂದರೆ ನಾಲ್ಕರಲ್ಲೊಂದು ಪಾಲು ಸಂಭವವುಂಟು. ಆಡಲು ಅಷ್ಟೇನೂ ಹಿತವಲ್ಲದ ಸುದ್ದಿ, ನಿಜ. ಆದರೆ ಅಣ್ಣನ ಯಕೃತ್ತು ಕೆಟ್ಟ ಮೇಲೆ ತಿಳಿದದ್ದು ತಂಗಿಗೆ ಇನ್ನೂ ಏನೂ ಆಗದಿರುವಾಗಲೇ ತಿಳಿಯುವುದು ಹೆಚ್ಚಾಗಿ ಇದೊಂದೇ ದಾರಿಯಿಂದ.