ವಿಷ ಮುರಿಯುವ ಬಿಸಿಲು

ಪೈರಿನ ಹುಳುವನ್ನು ಕೊಂದ ಮದ್ದು ಅಲ್ಲಿಗೇ ತೀರಿಹೋಗುವುದಿಲ್ಲ; ಖಾಲಿ ಡಬ್ಬಿ ತೊಳೆದ ನೀರಿನೊಡನೆ ಹಳ್ಳವನ್ನೋ ಬಾವಿಯನ್ನೋ ಸೇರೀತು. ಅದನ್ನು ಮುರಿಯುವ ಕೆಲಸಕ್ಕೆ ಸೂರ್ಯನನ್ನೇ ಹೂಡಬಹುದೆ?

ಸ್ಪೇನ್ ದೇಶದ ಅಲ್ಮೆರಿಯಾ ಪ್ರಾಂತವು ಪ್ಲಾಸ್ಟಿಕ್ ಹೊದಿಕೆಯಡಿ ತರಕಾರಿ ಬೆಳೆಯುವ ನಾಡು. ಅಲ್ಲಿಯ ತಬೆರ್ನಾಸಿನ ಸೌರ ಸಂಶೋಧನ ಕೇಂದ್ರದಲ್ಲಿ ಇದನ್ನು ಪ್ರಯೋಗಿಸಿ ನೋಡಿದ್ದಾರೆ. ವಿಷನೀರಿಗೆ ಬಿಳಿಯ ಬಣ್ಣಗಳಲ್ಲಿ ಬಳಸುವ ಟೈಟೇನಿಯಮ್ ಡೈ ಆಕ್ಸೈಡಿನ ನುಣ್ಪುಡಿ ಬೆರೆಸಿ, ಗಾಜಿನ ಕೊಳವೆಗಳಲ್ಲಿ ಹರಿಯಿಸುವರು. ಬಾಗುಗನ್ನಡಿಗಳು ಬಿಸಿಲನ್ನು ಕೊಳವೆಗಳತ್ತ ತಿರುಗಿಸುತ್ತವೆ. ನೇರಿಳಾತೀತ ಕಿರಣ ತಾಗಿದೊಡನೆ ಕಣಗಳ ಮೈಮೇಲೆ ಹೈಡ್ರಾಕ್ಸಿಲ್ ಎಂಬ ಅಲ್ಪಾಯುಷಿ ತುಣುಕುಗಳು ಹುಟ್ಟಿ, ಎದುರಾದ ವಿಷಾಣುವನ್ನು ಉತ್ಕರ್ಷಿಸಿ ಒಡೆಯುತ್ತವೆ. ಪುಡಿ ಮಾತ್ರ ಖರ್ಚಾಗದು. ಆದರೆ ಬಿಸಿಲಿನಲ್ಲಿ ಇಂಥ ಕಿರಣಗಳು ನೂರಕ್ಕೆ ೪-೫ ಪಾಲಷ್ಟೇ. ಆದುದರಿಂದ ಕೆಲಸ ನಿಧಾನ.

ಆತುರಪಟ್ಟರೆ ಅಪಾಯವುಂಟು. ಪ್ಯಾರಾಥಿಯಾನ್ ಎಂಬ ಕೀಟನಾಶಕ ಒಡೆಯುವಾಗ ನಡುವೆ ಪ್ಯಾರಾಕ್ಸಾನ್ ಹುಟ್ಟಬಹುದು. ಇದು ಮೂಲವಸ್ತುವಿಗಿಂತಲೂ ಉಗ್ರ ವಿಷ. ಹೆಸರು ಅಳಿದ ಮಾತ್ರಕ್ಕೆ ವಿಷ ಅಳಿಯಿತೆನ್ನಲಾಗದು. ಆದಕಾರಣ ನೀರಿನಲ್ಲಿ ಉಳಿದ ಸಾವಯವ ಇಂಗಾಲವನ್ನು ಅಳೆಯುತ್ತಾರೆ. ಬಳಿಕ ಆ ನೀರಿನಲ್ಲಿ ನೀರುಚಿಗಟದಂಥ ಕಿರುಜೀವಿಯನ್ನು ಬಿಟ್ಟು ನೋಡುತ್ತಾರೆ. ಅದು ಬದುಕಿದರೆ ಬಿಸಿಲು ಗೆದ್ದಂತೆ.